ತಾನಾಗಿ ತುಂಬಿದ ರಜಾ ಅರ್ಜಿ

ಗಂಗರಾಜು ತನ್ನ ಮಾವನನ್ನು ಸಾಯಿಸಿದ್ದು ದ್ವೇಷದಿಂದಲ್ಲ, ಅವರ ಹೆಸರು ಉದ್ದವಾಗಿತ್ತು ಎಂಬ ಒಂದೇ ಕಾರಣಕ್ಕೆ.

ಬಿಡದಿಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ರಜಾ ಅರ್ಜಿಗಳನ್ನು ಕಾಗದದಿಂದ ಕಂಪ್ಯೂಟರಿಗೆ ತರುವ ಕೆಲಸ ನಡೆದಿತ್ತು. ಹೊಸ ವೆಬ್ ಪುಟ ಸರಿಯಿದೆಯೇ ಎಂದು ಪರೀಕ್ಷಿಸಲು ದಿನಕ್ಕೆ ಇನ್ನೂರು ಸುಳ್ಳು ಅರ್ಜಿ ತುಂಬುವುದು ಗಂಗರಾಜುವಿನ ಪಾಲಿನ ಕರ್ಮ. ಮೂರು ವರ್ಷದಿಂದ ಟೆಂಪರರಿ. ಯುಗಾದಿಗೆಂದು ಮಗಳು ಅನುಷಾಳನ್ನು ಗುಡೇಮಾರನಹಳ್ಳಿಗೆ ಕರೆದುಕೊಂಡು ಹೋದ ಮಾವ ದೊಡ್ಡಮುನಿಯಪ್ಪ, ಅಳಿಯನ ಕೆಲಸ ಪರ್ಮನೆಂಟ್ ಆಗುವವರೆಗೆ ಅವಳನ್ನು ಕಳಿಸುವುದಿಲ್ಲವೆಂದು ಕೂತಿದ್ದರು. ಅನುಷಾ ಇಲ್ಲದ ಮನೆಯಲ್ಲಿ ಗಂಗರಾಜು ತೊಳಸಿದ ಮುದ್ದೆ ಅವನ ಗಂಟಲಲ್ಲೇ ಇಳಿಯುತ್ತಿರಲಿಲ್ಲ.

ಹದಿನೈದು ದಿನ ತಲೆ ಕೆಡಿಸಿಕೊಂಡು ಅವನೊಂದು ಪ್ರೋಗ್ರಾಂ ಬರೆದ. ಅದನ್ನು ಓಡಿಸಿದರೆ ಬ್ರೌಸರ್ ತಾನೇ ತೆರೆದುಕೊಂಡು, ತಾನೇ ಅರ್ಜಿ ತುಂಬಿ, ತಾನೇ ಬಟನ್ ಒತ್ತಿ ಮುಚ್ಚಿಕೊಳ್ಳುತ್ತಿತ್ತು. ಇದನ್ನು ಮ್ಯಾನೇಜರರಿಗೆ ತೋರಿಸಿ ಪರ್ಮನೆಂಟ್ ಲೆಟರ್ ಪಡೆಯುವುದು ಅವನ ಹಂಚಿಕೆ. ರಜೆಯ ಕಾರಣಗಳಲ್ಲಿ ಮರಣವೂ ಒಂದು. ಮೃತರ ಹೆಸರಿನ ಚೌಕ ಎಷ್ಟು ಉದ್ದ ತಾಳುತ್ತದೋ ನೋಡೋಣವೆಂದು, ತನಗೆ ಗೊತ್ತಿದ್ದ ಅತಿ ಉದ್ದದ ಹೆಸರನ್ನು ಅಲ್ಲಿ ಕೊಟ್ಟ. ಪ್ರೋಗ್ರಾಂ ಓಡಲು ಬಿಟ್ಟು ತಟ್ಟೆ ಇಡ್ಲಿ ತಿನ್ನಲು ಹೋದ.

ಅರವತ್ತೊಂದು ಅರ್ಜಿ ಸಲೀಸಾಗಿ ಮುಗಿದವು. ಅರವತ್ತೆರಡನೆಯದು ಆ ಉದ್ದ ಹೆಸರಿಗೆ ಸಿಕ್ಕಿ ನಿಂತುಬಿಟ್ಟಿತು. ಪಕ್ಕದ ಮೇಜಿನ ನಾಗರಾಜು ಇಣುಕಿ ನೋಡಿದ. ಕುರ್ಚಿ ಖಾಲಿ. ಪರದೆಯ ಮೇಲೆ, ‘ಅರ್ಜಿದಾರ: ಗಂಗರಾಜು. ಕಾರಣ: ಮರಣ. ಮೃತರು: ಮಾವ, ಗುಡೇಮಾರನಹಳ್ಳಿ ಕೆಂಪಯ್ಯನವರ ಮಗ ದೊಡ್ಡಮುನಿಯಪ್ಪ.’

“ಅಯ್ಯೋ ಪಾಪ! ಅರ್ಜಿ ಕಳ್ಸಕ್ಕೂ ಆಗ್ದೆ ಎದ್ದೋಗವ್ನೆ ಕಣ್ರಲಾ!”

ಸಾವಿನ ಮನೆಗೆ ಜನ ಹೊರಡಿಸುವುದರಲ್ಲಿ ನಾಗರಾಜುವನ್ನು ಮೀರಿಸುವವರು ಆ ಕಾರ್ಖಾನೆಯಲ್ಲಿರಲಿಲ್ಲ. ಹತ್ತು ನಿಮಿಷದಲ್ಲಿ ವ್ಯಾನು ಬಂತು, ಹಾರ ಬಂತು, ಮ್ಯಾನೇಜರರೂ ಬಂದು ಮುಂದಿನ ಸೀಟಿನಲ್ಲಿ ಕೂತರು.

ಗಂಗರಾಜು ಹಿಂತಿರುಗಿದಾಗ ಗೇಟಿನ ಕಾವಲುಗಾರ ಮುನಿಶಾಮಯ್ಯ ಬೆರಗಾಗಿ ನೋಡಿದ. “ನೀನಿನ್ನೂ ಇಲ್ಲೇ ಇದ್ದೀಯೇನಪ್ಪ? ಎಲ್ರೂ ಮಣ್ಣಿಗೆ ಹೊಂಟೋದ್ರಲ್ಲ!”

“ಯಾರ ಮಣ್ಣಿಗೆ?”

“ನಿಮ್ಮಾವಂದು ಕಣಪ್ಪ.”

ಗಂಗರಾಜು ಕಂಪ್ಯೂಟರ್ ನೋಡಿ ತಲೆ ಚಚ್ಚಿಕೊಂಡು, ಮೊಬೈಲ್ ತೆಗೆದ. “ನಾಗರಾಜಣ್ಣ, ನಮ್ಮಾವ...”

“ಏನೂ ಮಾತಾಡ್ಬೇಡ ಕಣ್ಲಾ, ಧೈರ್ಯ ತಂದ್ಕೊ. ಮನೆ ಹಿರೀಕ್ರು ಹೋದ್ಮೇಲೆ ಹುಡ್ಗನ್ಗೆ ಒಂದ್ ಆಸ್ರೆ ಬೇಕು ಅಂತ ಸಾಹೇಬ್ರು ನಿನ್ ಪರ್ಮನೆಂಟ್ ಲೆಟ್ರಿಗೆ ಸೈನಾಕ್ಬುಟ್ಟವ್ರೆ. ಜೇಬಲ್ಲೇ ಐತೆ,” ಎಂದು ನಾಗರಾಜು ಗದ್ಗದಿತನಾಗಿ ಫೋನಿಟ್ಟ.

ಮೊಪೆಡ್ ಏರಿದ ಗಂಗರಾಜುವಿಗೆ ದಾರಿಯುದ್ದಕ್ಕೂ ಒಂದು ಕೆಟ್ಟ ಯೋಚನೆ ಬರುತ್ತಿತ್ತು. ಅದಕ್ಕೆ ದೇವರಲ್ಲಿ ಕ್ಷಮೆ ಕೇಳುತ್ತಿದ್ದ. ಮತ್ತೆ ಅದೇ ಯೋಚನೆ ಬರುತ್ತಿತ್ತು.

ಅವನು ತಲುಪಿದಾಗ ಮಾವ ಜಗುಲಿಯ ಮೇಲೆ ಹಾರವನ್ನು ಕೊರಳಿಗೆ ಹಾಕಿಕೊಂಡೇ ಕೂತಿದ್ದರು. ಬಂದವರೆಲ್ಲ ಗಂಭೀರವಾಗಿ ಮಜ್ಜಿಗೆ ಕುಡಿಯುತ್ತಿದ್ದರು. ಗಂಗರಾಜು ಕೈಮುಗಿದು, ಎಲ್ಲರೆದುರು ಪ್ರೋಗ್ರಾಮಿನ ಕತೆಯನ್ನು ಒಪ್ಪಿಸಿದ.

ಮಾವ ಬೈಯಲಿಲ್ಲ. ಕಣ್ಣೊರೆಸಿಕೊಂಡರು. “ನಾನ್ ಸತ್ರೆ ಇಷ್ಟ್ ಜನ ಬತ್ತಾರೆ ಅಂತ ನಂಗೇ ಗೊತ್ತಿರ್ನಿಲ್ಲ ಕಣಪ್ಪ. ಆಫೀಸಲ್ಲಿ ನಿಂಗೆ ಒಸಿ ಬೆಲೆ ಐತೆ. ಅನುಷಾ, ಬಟ್ಟೆ ತುಂಬ್ಕೊಳವ್ವ.”

ಕರೆಯುವುದನ್ನೇ ಕಾಯುತ್ತಿದ್ದವಳಂತೆ ಅನುಷಾ ಬ್ಯಾಗು ಹಿಡಿದು ಹೊಸಿಲಿಗೆ ಬಂದಳು. ಗಂಗರಾಜುವಿಗೆ ಅಳು ಬಂತು. ಪ್ರೋಗ್ರಾಮಿನ ವಿಷಯ ಕೇಳಿ ಖುಷಿಯಾಗಿದ್ದ ಮ್ಯಾನೇಜರರು, “ಬರೆದದ್ದು ಬರೆದಾಯ್ತು, ತಗೋಪ್ಪ” ಎಂದು ಲೆಟರ್ ಚಾಚಿದರು.

“ಇತ್ತ ಕೊಡಿ ಸ್ವಾಮಿ, ನಾನೂ ಒಸಿ ನೋಡ್ತೀನಿ,” ಎಂದು ಮಾವ ಕನ್ನಡಕ ಏರಿಸಿ, ಜೋರಾಗಿ ಓದಿದರು. “ಮಾವನವರಾದ ಶ್ರೀ ದೊಡ್ಡಮುನಿಯಪ್ಪನವರ ಅಕಾಲಿಕ ಮರಣದಿಂದಾಗಿ, ಅನುಕಂಪದ ಆಧಾರದ ಮೇಲೆ...”

ನಾಗರಾಜು ಮಜ್ಜಿಗೆ ಲೋಟ ಕೆಳಗಿಟ್ಟ.

“ಕಾರಣ ಒಂದ್ ಬದಲಾಯ್ಸಿ ಕೊಡಿ ಸಾರ್,” ಎಂದು ಗಂಗರಾಜು ಅಂಗಲಾಚಿದ.

ಮ್ಯಾನೇಜರರು ನಿಟ್ಟುಸಿರು ಬಿಟ್ಟರು. “ಸಾವೊಂದು ಬಿಟ್ಟು ಬೇರೆ ಯಾವ ಕಾರಣಕ್ಕೂ ಪರ್ಮನೆಂಟ್ ಮಾಡೋ ಹಾಗಿಲ್ಲ ಕಣಯ್ಯಾ.”

ಮಾವ ಲೆಟರನ್ನು ನಾಲ್ಕಾಗಿ ಮಡಚಿ ಮ್ಯಾನೇಜರರ ಕೈಗೇ ಕೊಟ್ಟರು.

“ಅಂದ್ರೆ ನಾನು ಬದ್ಕಿರೋಗಂಟ ನಮ್ಮಳಿಯ ಟೆಂಪರರಿ ಅನ್ನಿ. ಅನುಷಾ, ಬ್ಯಾಗ್ ಒಳಗಿಡವ್ವ.” ಆಮೇಲೆ ಗಂಗರಾಜುವಿನ ಕಡೆ ತಿರುಗಿ, ತಪ್ಪು ಒಪ್ಪಿಕೊಳ್ಳುವವರಂತೆ ದನಿ ತಗ್ಗಿಸಿದರು. “ಹೋದ್ ವಾರ ಮಾಗಡೀಲಿ ಡಾಕ್ಟ್ರಿಗೆ ತೋರ್ಸಿದ್ದೆ ಅಳಿಯಂದ್ರೆ. ಇನ್ನೂ ಇಪ್ಪತ್ ವರ್ಸ ನಂಗೇನೂ ಆಗಕಿಲ್ಲ ಅಂದ್ಬುಟ್ರು.”