ಲೇತಿನ ಮೇಲೆ ಕಾರಿನ ಮೋಟಾರು

ಕಪ್ಪುಹಲಗೆಯ ಮೇಲೆ ಇಪ್ಪತ್ತು ವರ್ಷ ಒಂದೇ ಚಿತ್ರ ಬರೆದವನಿಗೆ ಆ ವಸ್ತುವನ್ನು ತಾನೇ ಕಂಡುಹಿಡಿದೆ ಎನ್ನುವ ಭ್ರಮೆ ಹುಟ್ಟುತ್ತದೆ. ಚನ್ನಪಟ್ಟಣದ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಹತ್ತನೇ ತರಗತಿಗೆ ವಿದ್ಯುತ್ ಮೋಟಾರಿನ ಪಾಠ ಬಂತೆಂದರೆ ನನಗೆ ಹಬ್ಬ. ಪುಸ್ತಕ ಮುಟ್ಟದೆ ಕಾಂತದ ಎರಡು ಧ್ರುವ, ನಡುವೆ ಸುರುಳಿ, ತುದಿಯಲ್ಲಿ ಎರಡಾಗಿ ಸೀಳಿದ ತಾಮ್ರದ ಉಂಗುರ, ಅದಕ್ಕೆ ಒತ್ತಿಕೊಂಡ ಇಂಗಾಲದ ಕುಂಚಗಳು, ಎಲ್ಲವನ್ನೂ ಬರೆದುಬಿಡುತ್ತೇನೆ. ಎಡಗೈಯ ಮೂರು ಬೆರಳನ್ನು ಮೂರು ದಿಕ್ಕಿಗೆ ಚಾಚಿ ನಿಂತರೆ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಾರೆ. ಆದರೆ ನಿಜವಾದ ಮೋಟಾರೊಂದರ ಹೊಟ್ಟೆಯೊಳಗೆ ನಾನು ಎಂದೂ ಇಣುಕಿರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಈ ಗುಟ್ಟು ಬಯಲಾಗುವ ಕಾಲ ಬಂತು. ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಪುಟ್ಟಲಕ್ಷ್ಮಿಯ ತವರು ದೊಡ್ಡಆಲಹಳ್ಳಿಯಲ್ಲಿ ಅವಳ ತಂಗಿಯ ಮಗುವಿಗೆ ನಾಮಕರಣ. ತೊಟ್ಟಿಲು ದೊಡ್ಡಮ್ಮನ ಕಡೆಯಿಂದ ಎಂದು ಆರು ತಿಂಗಳ ಹಿಂದೆಯೇ ಮಾತಾಗಿತ್ತು. ಪಕ್ಕದ ಮನೆಯ ಷಾಹಿದಾ ಬಾನು ಅವರೇ ಅದನ್ನು ಮಾಡಿದ್ದರು. ಗಂಡ ತೀರಿದ ಮೇಲೆ ಅವರ ಲೇತಿನ ಮುಂದೆ ತಾವೇ ಕುಳಿತು ಮರದ ಗೊಂಬೆ ಕಡೆಯುತ್ತ ಬಂದ ಹೆಂಗಸು. ಆಗಲೇ ಐವತ್ತು ದಾಟಿದವರು. ಹಳದಿ, ಕೆಂಪು ಅರಗಿನ ಬಣ್ಣದ ಆ ತೊಟ್ಟಿಲು ಬಸ್ಸಿನ ಬಾಗಿಲಲ್ಲಿ ತೂರುವಂಥದ್ದಲ್ಲ. ನಮ್ಮ ಹಳೇ ಕಾರೇ ಗತಿ. ಒಮ್ಮೆ ನೋಡಿಬಿಡೋಣವೆಂದು ಕೀಲಿ ತಿರುಗಿಸಿದೆ. ‘ಟಕ್’ ಎಂದಿತು. ಮತ್ತೆ ತಿರುಗಿಸಿದೆ. ಮತ್ತೆ ‘ಟಕ್’, ಅಷ್ಟೆ. ಬ್ಯಾಟರಿ ಹೊಸದು. ಬೀದಿಯ ಕೊನೆಯ ಮೆಕ್ಯಾನಿಕ್ ಮದುವೆಗೆಂದು ಸೋಲೂರಿಗೆ ಹೋಗಿದ್ದ.

“ಸ್ಟಾರ್ಟರ್ ಮೋಟಾರು” ಎಂದೆ, ವೈದ್ಯನ ಗತ್ತಿನಲ್ಲಿ.

“ಸರಿಯೇ ಆಯ್ತಲ್ಲ. ಮೋಟಾರು ನಿಮ್ದೇ ಪಾಠ ತಾನೆ? ಮಾಡಿ ಮತ್ತೆ” ಎಂದಳು ಪುಟ್ಟಲಕ್ಷ್ಮಿ. ಅವಳ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ನಂಬಿಕೆ ಇತ್ತು. ವ್ಯಂಗ್ಯವಾಗಿದ್ದರೆ ತಪ್ಪಿಸಿಕೊಳ್ಳಬಹುದಿತ್ತು.

ಬ್ಯಾಟರಿಯ ತಂತಿ ಬಿಚ್ಚಿ, ಕಾರಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದೆ. ಎರಡೇ ಬೋಲ್ಟು, ಒಂದೂವರೆ ಗಂಟೆ ಹಿಡಿಯಿತು. ಎರಡನೆಯದು ಸಡಿಲವಾದದ್ದೇ ತಡ, ಮೋಟಾರು ಧೊಪ್ಪನೆ ನನ್ನ ಎದೆಯ ಮೇಲೆ ಬಂದು ಕೂತಿತು. ಅದಕ್ಕೆ ಇಷ್ಟು ತೂಕವಿರುತ್ತದೆಂದು ಯಾವ ಪಠ್ಯಪುಸ್ತಕವೂ ಬರೆದಿಲ್ಲ. ಅಂಗಳದಲ್ಲಿ ಹಳೆಯ ಪತ್ರಿಕೆ ಹರಡಿ ಹಿಂಬದಿಯ ಮುಚ್ಚಳ ಬಿಚ್ಚಿದೆ. ಸ್ಪ್ರಿಂಗೊಂದು ಚಿಮ್ಮಿ ತುಳಸಿಕಟ್ಟೆ ಸೇರಿತು. ಒಳಗಿನ ಸುರುಳಿಯ ದಿಂಡನ್ನು ಎಳೆದು ನೋಡಿದರೆ, ದೇವರೇ, ನನ್ನ ಚಿತ್ರಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ! ನಾನು ಎರಡು ಹೋಳು ಬರೆಯುತ್ತಿದ್ದ ಉಂಗುರದಲ್ಲಿ ಇಪ್ಪತ್ತಮೂರು ತಾಮ್ರದ ಪಟ್ಟಿಗಳು, ಒಂದರ ಪಕ್ಕ ಒಂದು, ನಡುವೆ ಕೂದಲೆಳೆಯಷ್ಟು ಸಂದು. ಎಲ್ಲದರ ಮೇಲೂ ಒಲೆಯ ತಳದಂಥ ಕಪ್ಪು. ಕುಂಚಗಳೇನೋ ಇನ್ನೂ ಸವೆದಿರಲಿಲ್ಲ. ಆದರೆ ಈ ಕಪ್ಪಿನ ಮೇಲೆ ವಿದ್ಯುತ್ತು ಹರಿಯುವುದು ಹೇಗೆ? ಚಿಂದಿಯಲ್ಲಿ ಉಜ್ಜಿದೆ, ನನ್ನ ಕೈ ಕಪ್ಪಾಯಿತು, ಅದು ಬೆಳ್ಳಗಾಗಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ನನ್ನಿಂದ ಪಾಠ ಕೇಳಿದ ವಿದ್ಯಾರ್ಥಿಗಳೆಲ್ಲ ಸುತ್ತ ನಿಂತು ನೋಡುತ್ತಿರುವಂತೆ ಭಾಸವಾಯಿತು.

ತೊಟ್ಟಿಲಿಗೆ ಹೊದಿಸಲು ಹಳೆಯ ಸೀರೆ ತಂದ ಷಾಹಿದಾ ಬಾನು ನನ್ನನ್ನು ನೋಡಿ ನಿಂತರು.

“ಏನ್ ಮೇಷ್ಟ್ರೇ ಇದು, ಕಾರು ಹೆತ್ತೈತೆ?”

ವಿಷಯ ಹೇಳಿದೆ. ಅವರು ದಿಂಡನ್ನು ಎತ್ತಿಕೊಂಡು, ಎರಡು ತುದಿಯನ್ನು ಬೆರಳ ಮೇಲೆ ನಿಲ್ಲಿಸಿ, ಮೆಲ್ಲಗೆ ತಿರುಗಿಸಿದರು. ಕಣ್ಣು ಮುಚ್ಚಿ ತಾಮ್ರದ ಮೇಲೆ ಹೆಬ್ಬೆರಳು ಆಡಿಸಿದರು.

“ಇದ್ರೊಳಗೆ ಏನೈತೋ ನಂಗೊತ್ತಿಲ್ಲ. ಆದ್ರೆ ದುಂಡಗಿಲ್ಲ. ಇಲ್ಲಿ ಒಸಿ ಉಬ್ಬೈತೆ, ನೋಡಿ.”

ನಾನು ಬೆರಳಿಟ್ಟೆ. ನನಗೇನೂ ತಿಳಿಯಲಿಲ್ಲ. ತಿಳಿದವನಂತೆ ತಲೆಯಾಡಿಸಿದೆ.

“ಬನ್ನಿ, ನನ್ ತೊಟ್ಲು ನಾಳೆ ಮಗೀನ್ ಸೇರ್ಬೇಕು” ಎಂದು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೇಬಿಟ್ಟರು. ಮರದ ಹೊಟ್ಟು ತುಂಬಿದ ಅವರ ಮುಂದಿನ ಕೋಣೆಯಲ್ಲಿ ದಿಂಡು ಲೇತನ್ನೇರಿತು. ಒಂದು ತುದಿಯನ್ನು ಬಿಗಿದು, ಇನ್ನೊಂದಕ್ಕೆ ಮೊಳೆಯ ಮೊನೆ ಕೊಟ್ಟರು. ಗುಂಡಿ ಒತ್ತಿದಾಗ ಅದು ಗಿರ್ರನೆ ತಿರುಗಿತು. ಉಳಿ ಹಿಡಿಯುತ್ತಾರೆಂದು ನಾನು ಹೆದರಿದ್ದೆ. ಅವರು ತೀರಾ ನುಣುಪಾದ ಉಪ್ಪುಕಾಗದವನ್ನು ಎರಡು ಬೆರಳಲ್ಲಿ ಮಡಿಸಿ, ಮಗುವಿನ ಕೆನ್ನೆ ಮುಟ್ಟುವಷ್ಟೇ ಮೆತ್ತಗೆ ತಾಗಿಸಿದರು. ಕಪ್ಪು ಕಂದಾಯಿತು. ಕಂದು ಕೆಂಪಾಯಿತು. ಇದ್ದಕ್ಕಿದ್ದಂತೆ ಆ ಕತ್ತಲೆ ಕೋಣೆಯಲ್ಲಿ ಹೊಸ ತಾಮ್ರದ ಚೆಂಬಿನಂಥ ಬಳೆಯೊಂದು ಉರಿಯತೊಡಗಿತು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೂ ನನ್ನ ಮನಸ್ಸು ಚಪ್ಪಲಿಯ ಕಡೆ ಇರುತ್ತದೆ. ಅಂದು ಅದು ಎಲ್ಲಿಗೂ ಹೋಗಲಿಲ್ಲ.

ಅಭ್ಯಾಸಬಲದಿಂದ ಅವರ ಕೈ ಅರಗಿಗೆ ಹೊಳಪು ಕೊಡುವ ತಾಳೆಗರಿಯತ್ತ ಹೋಗಿ, ಅರ್ಧದಲ್ಲೇ ನಿಂತಿತು. “ಯಾ ಅಲ್ಲಾ, ಬಣ್ಣ ಹಚ್ಬುಡ್ತಿದ್ದೆ!” ಎಂದು ನಕ್ಕರು. ಆಮೇಲೆ ಲೇತು ನಿಲ್ಲಿಸಿ, ಗರಗಸದ ಮುರಿದ ಅಲಗಿನ ತುಂಡಿನಿಂದ ಇಪ್ಪತ್ತಮೂರು ಸಂದುಗಳನ್ನೂ ಒಂದೊಂದಾಗಿ ಕೆರೆದು ಊದಿದರು. ಒಂದು ಪಟ್ಟಿಗೂ ಗೀರು ಬೀಳಲಿಲ್ಲ.

ಅಂಗಳಕ್ಕೆ ತಂದು ಜೋಡಿಸುವಾಗ ಮತ್ತೊಂದು ತೊಡಕು. ನಾಲ್ಕು ಕುಂಚಗಳನ್ನು ಸ್ಪ್ರಿಂಗುಗಳು ಒಳಕ್ಕೆ ತಳ್ಳುತ್ತಿದ್ದವು, ದಿಂಡು ಕೂರುತ್ತಿರಲಿಲ್ಲ. ಅಷ್ಟರಲ್ಲಿ ತುಳಸಿಕಟ್ಟೆಯಿಂದ ಸ್ಪ್ರಿಂಗು ಹುಡುಕಿ ತಂದಿದ್ದ ಪುಟ್ಟಲಕ್ಷ್ಮಿ ತನ್ನ ತುರುಬಿನಿಂದ ನಾಲ್ಕು ಹೇರ್‌ಪಿನ್ ಕಿತ್ತು, ಒಂದೊಂದು ಸ್ಪ್ರಿಂಗನ್ನೂ ಎತ್ತಿ ಹಿಡಿದಳು. ದಿಂಡು ಸದ್ದಿಲ್ಲದೆ ಜಾರಿ ಕೂತಿತು. ನಾನು ಮಾಡಿದ್ದು ಬೋಲ್ಟು ಬಿಗಿದದ್ದು, ಕೀಲಿ ತಿರುಗಿಸಿದ್ದು. ಕಾರು ಒಂದೇ ಏಟಿಗೆ ಗುಡುಗಿತು. ಷಾಹಿದಾ ಬಾನು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, “ಆಯ್ತಲ್ಲ, ಅನ್ನಕ್ಕಿಟ್ ಬಂದಿವ್ನಿ” ಎಂದು ಹೊರಟುಹೋದರು.

ಮರುದಿನ ದೊಡ್ಡಆಲಹಳ್ಳಿಯಲ್ಲಿ ತೊಟ್ಟಿಲು ಇಳಿಸುವಾಗ ಬಾಮೈದ ಮರೀಗೌಡ ಕಾರಿನ ಕಥೆ ಕೇಳಿದ. “ಮೋಟಾರು ಬಿಚ್ಚಿ ಮನೇಲೇ ರಿಪೇರಿ ಆಯಿತು” ಎಂದೆ. ಯಾರು ಮಾಡಿದರು ಎಂಬುದನ್ನು ಹೇಳುವ ಮೊದಲೇ ಕಾಫಿ ಬಂತು. ಕಾಫಿಯ ನಂತರ ಹೇಳಲು ಮನಸ್ಸು ಬರಲಿಲ್ಲ. “ನಮ್ ಭಾವನ ಕೈಲಿ ವಿದ್ಯೆ ಐತೆ ಕಣ್ಲಾ!” ಎಂದು ಅವನು ಊರಿಗೆಲ್ಲ ಸಾರಿದ. ಹೊರಡುವಾಗ ಡಿಕ್ಕಿಯಲ್ಲಿ ಮೂರು ಕೆಟ್ಟ ಮಿಕ್ಸಿಗಳಿದ್ದವು. ಕನಕಪುರ ದಾಟಿದ ಮೇಲೆ ಪುಟ್ಟಲಕ್ಷ್ಮಿ, “ನಡೆದಿದ್ದನ್ನ ಷಾಹಿದಕ್ಕಂಗೆ ನೀವೇ ಹೇಳ್ಬೇಕು” ಎಂದಳು.

ಹೇಳಿದೆ. ಮಿಕ್ಸಿಗಳನ್ನೂ ಮುಂದಿಟ್ಟೆ. ಅವರು ಬೈಯಲಿಲ್ಲ. ಲೇತಿನ ಮುಂದಿನ ಮಣೆಯಿಂದ ಎದ್ದು, “ಕೂತ್ಕೊಳ್ಳಿ ಮೇಷ್ಟ್ರೇ. ಈ ಸಲ ನೀವ್ ಮಾಡಿ, ನಾನ್ ಪಾಠ ಹೇಳ್ತೀನಿ” ಎಂದರು. ಮೊದಲು ಮರದ ತುಂಡಿನ ಮೇಲೆ ಕೈ ಪಳಗಲಿ ಎಂದು ಬುಗುರಿ ಕಡೆಯಲು ಕೊಟ್ಟರು. ಎರಡು ಗಂಟೆ ಹೆಣಗಿ ನಾನು ಮಾಡಿದ್ದನ್ನು ಹೆಬ್ಬೆರಳಿನಿಂದ ಸವರಿ, “ಪರ್ವಾಗಿಲ್ಲ. ಇನ್ನೊಂದ್ ಹತ್ತು ವರ್ಸ ಬನ್ನಿ, ಕಲ್ತ್ಕೊಳ್ಳೋರಂಗೆ ಕಾಣ್ತೀರಿ” ಎಂದರು. ನನ್ನ ನಿವೃತ್ತಿಗೆ ಉಳಿದಿರುವುದು ಒಂಬತ್ತೇ ವರ್ಷ. ಒಂದು ವರ್ಷ ಫೇಲಾದರೂ ಚಿಂತೆಯಿಲ್ಲವೆಂದು ಪ್ರತಿ ಭಾನುವಾರ ಹೋಗಿ ಕೂರುತ್ತಿದ್ದೇನೆ.