ಕೆಂಪು ಗಾಡಿಗೆ ಉಸಿರು ಕಟ್ಟಿದ್ದು

ನಮ್ಮ ಮನೆಯಲ್ಲಿ ನೆಮ್ಮದಿಯಾಗಿ ಅಳುವುದಕ್ಕೂ ಪುಣ್ಯ ಮಾಡಿರಬೇಕು. ಕಣ್ಣಿಗೆ ಸೆರಗು ಒತ್ತಿಕೊಳ್ಳುವಷ್ಟರಲ್ಲಿ ಏನಾದರೊಂದು ಎಡವಟ್ಟಾಗಿ ನಗು ಬಂದುಬಿಡುತ್ತದೆ. ಹೋದ ವರ್ಷದಿಂದೀಚೆಗಂತೂ ಇದು ಅತಿಯಾಗಿದೆ. ಅದಕ್ಕೆ ಕಾರಣ ನಮ್ಮ ಯಜಮಾನರ ಶ್ವಾಸಕೋಶ ಮತ್ತು ಅವರ ಕೆಂಪು ಗಾಡಿ. ಎರಡಕ್ಕೂ ಒಂದೇ ಕಾಯಿಲೆ.

೧. ಎರಡೇ ಸೀಟು

ನಮ್ಮವರು ಕೇಂದ್ರ ಸರ್ಕಾರದ ಅಧಿಕಾರಿ. ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ ನಾವಿಬ್ಬರು, ಗುರುಗ್ರಾಮದಲ್ಲಿ ಕೆಲಸ ಮಾಡುವ ಮಗಳು. ಇವರಿಗೆ ಬಹಳ ದಿನದಿಂದ ಒಣಕೆಮ್ಮು. ದೆಹಲಿಯಲ್ಲಿ ಕೆಮ್ಮದವರು ಯಾರು ಅಂತ ನಾವೂ ತಲೆ ಕೆಡಿಸಿಕೊಂಡಿರಲಿಲ್ಲ. ಕೊನೆಗೆ ಡಾಕ್ಟರು ಸ್ಕ್ಯಾನ್ ತೆಗೆಸಿ, ಶ್ವಾಸಕೋಶ ಗಟ್ಟಿಯಾಗುತ್ತಿದೆ, ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ ಅಂತ ಮುಖದ ಮೇಲೆ ಹೊಡೆದ ಹಾಗೆ ಹೇಳಿದರು. ಇವರು ಕೇಳಿದ್ದು ಒಂದೇ: "ಡ್ರೈವ್ ಮಾಡಬಹುದಾ?"

"ಸದ್ಯಕ್ಕೆ ಮಾಡಿ," ಅಂದರು ಡಾಕ್ಟರು.

ಆ ವಾರವೇ ಬಾಗಿಲಲ್ಲಿ ಹಾರನ್ ಕೇಳಿತು. ದೇವರ ಮುಂದೆ ಕೂತು ಅಳುತ್ತಿದ್ದವಳು ಎದ್ದು ಹೋಗಿ ನೋಡಿದರೆ, ನೆಲಕ್ಕೆ ಅಂಟಿಕೊಂಡ ಹಾಗೆ ಒಂದು ಕೆಂಪು ಸ್ಪೋರ್ಟ್ಸ್ ಕಾರು. ಸೆಕೆಂಡ್ ಹ್ಯಾಂಡು. ಇವರು ಅದರೊಳಗಿಂದ ಏಳಲಾಗದೆ ಕೈ ಚಾಚಿಕೊಂಡು ಕೂತಿದ್ದಾರೆ. ನಾನು ಒಂದು ಕಡೆ, ಕಾವಲುಗಾರ ಇನ್ನೊಂದು ಕಡೆ ಹಿಡಿದು ಎಳೆದೆವು.

"ಪಾಪಾ, ಆಪ್ ಪಾಗಲ್ ಹೋ ಕ್ಯಾ?" ಅಂದಳು ಮಗಳು.

"ಕಾಲೇಜಿನಿಂದ ಆಸೆ ಕಣಮ್ಮ," ಅಂದರು.

ನನಗೆ ಉರಿದುಹೋಯಿತು. "ರೀ, ಮನೇಲಿ ಮೂರು ಜನ ಇದ್ದೀವಿ. ಇದಕ್ಕೆ ಎರಡೇ ಸೀಟು!"

ಇವರು ಗಾಡಿಯ ಧೂಳು ಒರೆಸುತ್ತಾ ಹೇಳಿದರು, "ಮುಂದಾಲೋಚನೆ ಕಣೇ. ಸ್ವಲ್ಪ ದಿನ ಹೋದರೆ ನೀವಿಬ್ಬರೇ ತಾನೆ?"

೨. ಸಾಹೇಬರ ಮುಚ್ಚಳ

ಆಯುಧ ಪೂಜೆಯ ದಿನ ಗಾಡಿಗೆ ನಮ್ಮೂರಿನ ಕ್ರಮದಲ್ಲೇ ಪೂಜೆಯಾಯಿತು. ನಿಂಬೆಹಣ್ಣು, ಬೂದುಗುಂಬಳ ಯಾವುದಕ್ಕೂ ಕಡಿಮೆಯಿಲ್ಲ. ಆಮೇಲೆ ಇವರಿಗೆ ದಿನಾ ಪೂಜೆ ಮಾಡುವ ಹುಚ್ಚು ಹಿಡಿಯಿತು. ಬೆಳಿಗ್ಗೆ ಸ್ನಾನವಾದದ್ದೇ ತಡ, ಗಂಧ ತೇಯ್ದುಕೊಂಡು ಗಾಡಿಯ ಹತ್ತಿರ ಓಡುವುದು. ಕೆಂಪು ಬಣ್ಣದ ಮೇಲೆ ಕುಂಕುಮ ಇಟ್ಟರೆ ಯಾವ ದೇವರಿಗೆ ಕಾಣುತ್ತೆ ಅಂತ, ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಆರಿಸಿಕೊಂಡರು. ಅದೊಂದೇ ಬೆಳ್ಳಗೆ ಹೊಳೆಯುವ ಸ್ಟೀಲು. ಅಸಲಿ ಮುಚ್ಚಳ ಕಳೆದುಹೋಗಿತ್ತೆಂದು ಹಿಂದಿನ ಮಾಲೀಕ ಯಾವುದೋ ಹಳೇ ಜೀಪಿನದನ್ನು ತಂದು ಹಾಕಿದ್ದನಂತೆ.

"ಅನ್ನ ಹೋಗುವ ಬಾಯಿ ಅದು. ಪೂಜೆ ಅಲ್ಲಿಗೇ ಸಲ್ಲಬೇಕು," ಅನ್ನುವರು.

ಚಳಿಗಾಲದ ಹೊತ್ತಿಗೆ ಗಾಡಿ ನಿಲ್ಲತೊಡಗಿತು. ಚೆನ್ನಾಗಿ ಹೊರಡುವುದು, ಸ್ವಲ್ಪ ದೂರ ಹೋದ ಮೇಲೆ ಬಿಕ್ಕಳಿಸಿ ಸತ್ತುಹೋಗುವುದು. ಒಂದು ಸಲ ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಇವರು ಮುಚ್ಚಳ ತಿರುಗಿಸಿದರೆ, ಒಳಗಿಂದ 'ಸ್ಸ್ಸ್' ಅಂತ ಸದ್ದು, ಹಿಂದೆಯೇ ಟ್ಯಾಂಕಿನ ತಗಡು 'ಢಬ್' ಅಂದಿತು. ಆಮೇಲೆ ಗಾಡಿ ಏನೂ ಆಗದ ಹಾಗೆ ಹೊರಟಿತು.

ಅಲ್ಲಿಗೆ ನನಗೆ ಹೊಸ ನೌಕರಿ ಸಿಕ್ಕಿತು. ಗಾಡಿ ನಿಂತಾಗಲೆಲ್ಲ ಇಳಿದು ಮುಚ್ಚಳ ತೆಗೆದು ಹಾಕುವುದು. ಇವರಿಗೆ ಕೂಗಿ ಹೇಳುವಷ್ಟು ದಮ್ಮಿಲ್ಲ. ಅದಕ್ಕೆ ಕಿಟಕಿಯಿಂದ ಕೈ ಹೊರಗೆ ಹಾಕಿ ಬೆರಳುಗಳನ್ನು ತಿರುಚಿ ತೋರಿಸುವರು. ಬೆರಳು ತಿರುಗಿತೆಂದರೆ ನಾನು ಇಳಿಯಬೇಕು.

ಮಥುರಾ ರೋಡಿನಲ್ಲಿ ಒಂದು ದಿನ, ಹಿಂದೆ ಬಸ್ಸು ಲಾರಿಯೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದಾಗ, ಟ್ರಾಫಿಕ್ ಪೊಲೀಸಿನವನು ಬಂದ. ರೇಷ್ಮೆ ಸೀರೆ ಉಟ್ಟವಳು ನಡುರಸ್ತೆಯಲ್ಲಿ ಕುಂಕುಮ ಮೆತ್ತಿದ ಮುಚ್ಚಳ ಹಿಡಿದು ನಿಂತಿದ್ದೇನೆ.

"ಮೇಡಂ, ಯೇ ಕ್ಯಾ ಹೋ ರಹಾ ಹೈ?"

"ಗಾಡಿ ಕೀ ಸಾಂಸ್ ರುಕ್ ಗಯೀ ಹೈ ಭಯ್ಯಾ," ಅಂದೆ, ಗಾಡಿಗೆ ಉಸಿರು ಕಟ್ಟಿದೆ ಅಂತ.

ಅವನು ಬಗ್ಗಿ ಒಳಗೆ ನೋಡಿದ. ಹೊಗೆ ಕುಡಿದು ಇವರ ಮುಖ ನೀಲಿಗಟ್ಟಿತ್ತು, ಎದೆ ತಿದಿಯ ಹಾಗೆ ಏಳುತ್ತಿತ್ತು. ಪುಣ್ಯಾತ್ಮ ಗಾಬರಿಯಿಂದ ನನ್ನ ಕಡೆ ತಿರುಗಿ ಕೂಗಿದ:

"ಅರೇ ಮೇಡಂ, ಪೆಹಲೇ ಸಾಹಬ್ ಕಾ ಢಕ್ಕನ್ ಖೋಲೋ!"

೩. ಪ್ರೊಫೆಸರ ನಮಸ್ಕಾರ

ಇವರ ಸ್ನೇಹಿತರೊಬ್ಬರು ಹೌಜ್ ಖಾಸ್‌ನಲ್ಲಿದ್ದಾರೆ, ಎಂಜಿನಿಯರಿಂಗ್ ಪ್ರೊಫೆಸರು, ನಮ್ಮ ಕಡೆಯವರೇ. ಭಾನುವಾರ ಬಿಸಿಬೇಳೆಭಾತ್ ಊಟ ಮಾಡಿ ಗಾಡಿಯ ನಾಡಿ ಹಿಡಿದರು.

"ಸರಳ ವಿಷಯ. ಎಣ್ಣೆ ಡಬ್ಬಕ್ಕೆ ಎರಡು ತೂತು ಯಾಕೆ ಹೊಡೀತೀವಿ? ಒಂದರಿಂದ ಎಣ್ಣೆ ಹೊರಗೆ, ಇನ್ನೊಂದರಿಂದ ಗಾಳಿ ಒಳಗೆ. ನಿಮ್ಮ ಟ್ಯಾಂಕಿಗೆ ಗಾಳಿ ಹೋಗ್ತಿಲ್ಲ. ಪೆಟ್ರೋಲ್ ಖಾಲಿಯಾದ ಜಾಗದಲ್ಲಿ ನಿರ್ವಾತ ಆಗಿಬಿಡುತ್ತೆ, ಅದು ಪೆಟ್ರೋಲನ್ನ ಬಿಡದೆ ಹಿಡ್ಕೊಳ್ಳುತ್ತೆ."

"ಅಂದ್ರೆ ಹೊಟ್ಟೆಗಿದೆ, ಉಸಿರಿಗಿಲ್ಲ," ಅಂದರು ಇವರು. "ಹಾಗಾದ್ರೆ ಇದು ನನ್ನ ಒಡಹುಟ್ಟಿದ್ದೇ ಬಿಡಿ."

ಗಾಳಿ ಹೋಗುವ ತೂತು ಎಲ್ಲಿದೆ ಅಂತ ಹುಡುಕಾಟ ಶುರುವಾಯಿತು. ಪ್ರೊಫೆಸರು ಮುಚ್ಚಳ ಬಿಚ್ಚಿದರು. ಗಂಧ ಕುಂಕುಮದ ಪದರ ನೋಡಿದವರೇ ಚಪ್ಪಲಿ ಕಳಚಿ, ಮುಚ್ಚಳವನ್ನು ಕಣ್ಣಿಗೊತ್ತಿಕೊಂಡು, ಒಗೆದ ಕರ್ಚೀಫಿನ ಮೇಲೆ ಇಟ್ಟರು. ಆಮೇಲೆ ಅದರ ತಂಟೆಗೇ ಹೋಗಲಿಲ್ಲ. ಗಾಡಿಯ ಕೆಳಗೆ ಮಲಗಿ ಕೊಳವೆಗಳನ್ನೆಲ್ಲ ಊದಿದರು. ಅವರ ಮಾತು ಕೇಳಿ ಫರೀದಾಬಾದಿನ ಗ್ಯಾರೇಜಿನಲ್ಲಿ ಪಂಪು, ಪೈಪು ಎಲ್ಲ ಬದಲಾಯಿಸಿದ್ದಾಯಿತು. ಗಾಡಿ ಮಾತ್ರ ಬರುವಾಗ ದಾರಿಯಲ್ಲೇ ನಿಂತಿತು.

ಪ್ರೊಫೆಸರು ಫೋನಿನಲ್ಲಿ ಬಹಳ ಹೊತ್ತು ಯೋಚಿಸಿ ಹೇಳಿದರಂತೆ, "ಒಂದು ಕೆಲಸ ಮಾಡಿ. ಪೂಜೆ ಇನ್ನೂ ಸ್ವಲ್ಪ ಜಾಸ್ತಿ ಮಾಡಿ."

೪. ಹುಣಸೆಹಣ್ಣು

ಗೌರಿ ಹಬ್ಬಕ್ಕೆ ಬಚ್ಚಲ ಕಲ್ಲಿನ ಹತ್ತಿರ ಕಲಶ, ದೀಪದ ಕಂಬ ಎಲ್ಲ ಹುಣಸೆಹಣ್ಣು ಹಚ್ಚಿ ಉಜ್ಜುತ್ತಾ ಕೂತಿದ್ದೆ. ಆ ಮುಚ್ಚಳವೂ ಕಲಶದಷ್ಟೇ ಮೆತ್ತಿಹೋಗಿದೆಯಲ್ಲ, ಹಬ್ಬದ ದಿನ ನೋಡುವುದಕ್ಕೆ ಅಸಹ್ಯ ಅಂತ ಅದನ್ನೂ ತಂದು ನೆನೆಹಾಕಿದೆ. ಗಟ್ಟಿ ಹಪ್ಪಳದ ಹಾಗೆ ಗಂಧ ಎದ್ದು ಬಂತು. ಅದರ ಅಡಿಯಲ್ಲಿ, ಮುಚ್ಚಳದ ನಟ್ಟನಡುವೆ, ಸಾಸಿವೆಯಷ್ಟು ತೂತು!

ಪಿನ್ನು ಹಾಕಿ ಚುಚ್ಚಿದೆ. ಕೊನೆಯ ಕುಂಕುಮದ ಹೆಂಟೆ ಉದುರಿತು. ಮುಚ್ಚಳ ತೊಳೆದು, ಇವರಿಗೆ ಹೇಳದೆ ಗಾಡಿಗೆ ವಾಪಸು ಹಾಕಿದೆ.

ಇವರು ಅಂದು ಫರೀದಾಬಾದಿಗೆ ಹೋಗಿ ಒಂದೇ ಉಸಿರಿಗೆ ವಾಪಸು ಬಂದರು. "ನೋಡಿದ್ಯೇನೇ? ದೇವರಿದಾನೆ!"

"ಇದಾನೆ, ಬಚ್ಚಲ ಕಲ್ಲಿನ ಹತ್ರ," ಅಂದು ಮುಚ್ಚಳ ಬಿಚ್ಚಿ ತೂತು ತೋರಿಸಿದೆ.

ಇವರು ಮುಚ್ಚಳ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದರು. "ಅಯ್ಯೋ, ಇಷ್ಟು ದಿನ ನಾನೇ ಅದರ ಕತ್ತು ಹಿಸುಕ್ತಾ ಇದ್ನಾ?" ಅಂದಾಗ ಕಣ್ಣಲ್ಲಿ ನೀರಿತ್ತು. ಸಮಾಧಾನ ಮಾಡೋಣ ಅಂತ ಬೆನ್ನು ಸವರಿದೆ.

ಅವರು ಮೂಗೊರೆಸಿಕೊಂಡು ಕೇಳಿದರು, "ಹುಣಸೆಹಣ್ಣು ಉಳಿದಿದೆಯೇನೇ? ನನಗೂ ಒಂದು ಸಲ ಉಜ್ಜಿ ನೋಡು."

೫. ಮತ್ತೆ ಆಯುಧ ಪೂಜೆ

ಗಾಡಿ ಸರಿಹೋದ ಹೊತ್ತಿಗೆ ಇವರು ಕೆಟ್ಟರು. ಮೆಟ್ಟಿಲು ಹತ್ತಲಾಗದು, ಮಾತಾಡಲಾಗದು. ಮನೆಗೆ ಆಕ್ಸಿಜನ್ ಮೆಷಿನ್ ಬಂತು. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ನಳಿಕೆಯಲ್ಲಿ ಮೂಗಿಗೆ ಕೊಡುವ ಪೆಟ್ಟಿಗೆ. ಅದು ನಿಂತರೆ ಇವರೂ ನಿಂತ ಹಾಗೇ ಅಂತ ಡಾಕ್ಟರು ಹೇಳಿದ್ದರು. ಹಗಲೂ ರಾತ್ರಿ ನನ್ನ ಕಿವಿ ಅದರ ಗುರ್ರ್ ಶಬ್ದದ ಮೇಲೇ.

ಆಯುಧ ಪೂಜೆ ಬಂತು. "ಈ ಸಲ ಈ ಪೆಟ್ಟಿಗೆಯೇ ನನ್ನ ಆಯುಧ," ಅಂದರು ಮಲಗಿದ್ದಲ್ಲಿಂದಲೇ. ಮಗಳು ರಜೆ ಹಾಕಿ ಮನೆಯಲ್ಲೇ ಇದ್ದಳು. ಅಪ್ಪನಿಗಾಗಿ ಏನು ಮಾಡಲಿ ಅಂತ ಒದ್ದಾಡುತ್ತಿದ್ದ ಮಗು, "ನಾನು ಡೆಕೊರೇಟ್ ಮಾಡ್ತೀನಿ ಅಮ್ಮಾ," ಅಂದಳು. ಆಕ್ಸಿಜನ್ ಹತ್ತಿರ ಬೆಂಕಿ ತರಬಾರದೆಂದು ನಾನು ಹಾಲ್‌ನಲ್ಲೇ ದೇವರ ಮುಂದೆ ಆರತಿ ಎತ್ತಿಕೊಂಡು ಗಂಟೆ ಬಾರಿಸುತ್ತಿದ್ದೆ.

ಕೋಣೆಯಿಂದ ಮಗಳ ಸಂಭ್ರಮದ ಕೂಗು: "ಅಮ್ಮಾ, ಮಶೀನ್ ಭೀ ಘಂಟೀ ಬಜಾ ರಹೀ ಹೈ! ಸೋ ಸ್ವೀಟ್!"

ಆರತಿ ಅಲ್ಲೇ ಇಟ್ಟೆ. ಗಂಟೆ ಬಿಸಾಕಿ ಓಡಿದೆ. ಮೆಷಿನ್ ಕೀ ಕೀ ಅಂತ ಅರಚುತ್ತಿದೆ. ಇವರ ತುಟಿ ಕಪ್ಪಾಗಿದೆ, ಬಾಯಿ ತೆರೆದಿದೆ, ಮಾತಿಲ್ಲ. ಬಲಗೈ ಮಾತ್ರ ಮೇಲೆದ್ದು, ಬೆರಳುಗಳು ಗಾಳಿಯಲ್ಲಿ ತಿರುಚುತ್ತಿವೆ.

"ಪಾಪಾ ಬಲ್ಬ್ ಹಾಕು ಅಂತಿದಾರೆ," ಅಂದಳು ಮಗಳು.

ಬಲ್ಬೂ ಅಲ್ಲ, ಮಣ್ಣೂ ಅಲ್ಲ! ಮಥುರಾ ರೋಡಿನಲ್ಲಿ ತಿಂಗಳುಗಟ್ಟಲೆ ಆ ಬೆರಳು ನೋಡಿ ಇಳಿದವಳು ನಾನು. ಮೆಷಿನ್ ಕಡೆ ತಿರುಗಿದರೆ, ನನ್ನ ಮದುವೆಯ ಜರಿ ಶಾಲು ಅದಕ್ಕೆ ಕತ್ತಿನವರೆಗೆ ಸುತ್ತಿದೆ, ಗಾಳಿ ಎಳೆದುಕೊಳ್ಳುವ ಜಾಲರಿಯ ಮೇಲೆ ಸರಿಯಾಗಿ ಚೆಂಡುಹೂವಿನ ದಪ್ಪ ಹಾರ. ಎಲ್ಲ ಕಿತ್ತೆಸೆದೆ. ಅರಚಾಟ ನಿಂತು ಗುರ್ರ್ ಶಬ್ದ ಶುರುವಾಯಿತು. ನಾನು ಇವರ ಬೆರಳು ಹಿಡಿದುಕೊಂಡು, ತುಟಿಯ ಬಣ್ಣವನ್ನೇ ನೋಡುತ್ತಾ ಕೂತೆ. ನಿಧಾನಕ್ಕೆ, ಬಹಳ ನಿಧಾನಕ್ಕೆ ಅದು ತಿಳಿಯಾಯಿತು.

ಮಗಳು ಅವರ ಕಾಲು ಹಿಡಿದು ಬಿಕ್ಕುತ್ತಿದ್ದಳು. ಇವರು ಒಂದೊಂದೇ ಮಾತಿಗೆ ಉಸಿರೆಳೆದುಕೊಂಡು ಹೇಳಿದರು: "ಅಳಬೇಡ್ವೇ... ನಮ್ಮ ವಂಶದ್ದೇ ಇದು... ಪ್ರೀತಿ ಬಂದರೆ... ಮೂಗು ಮುಚ್ತೀವಿ."

ನನಗೆ ತಡೆಯಲಾಗಲಿಲ್ಲ. ಅಳುತ್ತಾ ಎದ್ದು ಸೆರಗಿನ ತುದಿಯಿಂದ ಮೆಷಿನ್ ಮೇಲಿದ್ದ ಕುಂಕುಮದ ಬೊಟ್ಟು ಒರೆಸಲು ಹೋದೆ.

"ಅದಿರಲಿ ಬಿಡೇ," ಅಂದರು. "ಅಲ್ಲಿ ತೂತಿಲ್ಲ. ಇವಳ ಕೈಲಿ ಇಡಿಸುವಾಗ್ಲೇ ನೋಡ್ಕೊಂಡಿದೀನಿ."