ತಬ್ಬಿದರೂ ಕಚ್ಚದ ನಾಯಿ

ಹಾಲನ್‌ನ ಐದು ವರ್ಷದ ಮಗಳು ಚಿನ್ನಿಗೆ ಕಂಡದ್ದನ್ನೆಲ್ಲ ತಬ್ಬಿಕೊಳ್ಳುವ ಚಾಳಿ. ಹಿರಿಯರು ಎದುರಾದರೆ ಊಟಿ ಬೆಟ್ಟದ ಆ ಪುಟ್ಟ ಹಟ್ಟಿಯ ಮಕ್ಕಳು ತಲೆ ಬಾಗಿಸುತ್ತಾರೆ, ಅವರು ನೆತ್ತಿಯ ಮೇಲೆ ಕೈಯಿಟ್ಟು ಹರಸುತ್ತಾರೆ. ಚಿನ್ನಿ ಮಾತ್ರ ಸೀದಾ ಮೊಣಕಾಲಿಗೇ ಜೋತುಬೀಳುತ್ತಿದ್ದಳು. ನೆರೆಮನೆಯ ಮಾದಜ್ಜ ಹೀಗೆ ಎರಡು ಸಲ ನೆಲ ಕಂಡಿದ್ದ. ಇನ್ನು ಅಪ್ಪ ಮನೆಯಲ್ಲಿ ಕೂತರೆ ಸಾಕು, ಬೆನ್ನಿಗೆ ಮಗಳು ಅಂಟಿದಳೆಂದೇ ಲೆಕ್ಕ. ಈಗ ಅವಳಿಗೆ ನಾಯಿ ಬೇಕಂತೆ.

"ತಬ್ಬಿದ್ರೆ ಸುಮ್ಮನಿರೋ ನಾಯಿ ಎಲ್ಲಾದ್ರೂ ಉಂಟಾ? ಕೂಸಿನ ಮುಖಕ್ಕೇ ಬಾಯಿ ಹಾಕಿದ್ರೆ?" ಎಂದಳು ಹೆಂಡತಿ ತಂಗಮ್ಮ.

ಹಾಲನ್‌ಗೂ ಅದೇ ಭಯ. ಆದರೆ ನಾಯಿ ಬಂದರೆ ತನ್ನ ಬೆನ್ನಿಗೆ ಸ್ವಲ್ಪ ಬಿಡುವು ಸಿಕ್ಕೀತೆಂಬ ಆಸೆಯೂ ಇತ್ತು. ಊಟಿಯ ಬಂಗಲೆಯೊಂದರ ದೊರೆ ಹಡಗು ಹತ್ತಿ ತನ್ನ ದೇಶಕ್ಕೆ ಹೋಗಿದ್ದ. ಅವನ ಕಂದು ನಾಯಿ ಅಡುಗೆಯ ಮುರುಗನ್‌ನ ಪಾಲಿಗೆ ಉಳಿದಿತ್ತು.

"ಒಂದು ದಿನ ಇಟ್ಟು ನೋಡಿ. ಬೇಡ ಅಂದ್ರೆ ಬಿಟ್ಟುಬಿಡಿ, ಅದಕ್ಕೆ ದಾರಿ ಗೊತ್ತು" ಎಂದು ಮುರುಗನ್, ಕೇಳಲು ಹೋದ ಹಾಲನ್‌ನ ಕೈಗೆ ಹಗ್ಗ ಕೊಟ್ಟ.

ಚಿನ್ನಿಯನ್ನು ಅಜ್ಜಿಯ ಮನೆಗೆ ಸಾಗಹಾಕಿ, ನಾಯಿಯನ್ನು ಅಂಗಳಕ್ಕೆ ತಂದದ್ದಾಯಿತು. ನೋಡಲು ಹಟ್ಟಿಗೆ ಹಟ್ಟಿಯೇ ನೆರೆಯಿತು.

"ಮೊದಲು ನೀ ತಬ್ಬಿ ನೋಡು ಹಾಲ. ನಿನ್ನ ಕಚ್ಚದಿದ್ರೆ ಕೂಸನ್ನೂ ಕಚ್ಚೋದಿಲ್ಲ" ಎಂದ ಮಾದಜ್ಜ.

ಹುಟ್ಟಿದಂದಿನಿಂದ ನಾಯಿ ಮುಟ್ಟದ ಹಾಲನ್ ಕಣ್ಣು ಮುಚ್ಚಿ ತಬ್ಬಿದ. ನಾಯಿ ಸುಮ್ಮನಿತ್ತು. ಅದರ ಮನಸ್ಸಿನಲ್ಲಿ ಏನಿದೆಯೋ ಎಂದು ಅವನಿಗೆ ನಿಜಕ್ಕೂ ಕುತೂಹಲವಾಯಿತು.

"ಚಿನ್ನಿ ಹೀಗೆ ತಬ್ಬೋದಿಲ್ಲ. ಹಿಂದಿನಿಂದ ಬಂದು ಕುತ್ತಿಗೆಗೆ ಬೀಳ್ತಾಳೆ" ಎಂದಳು ತಂಗಮ್ಮ.

ಹಾಲನ್ ಹಿಂದಿನಿಂದ ಬಂದು ಬಿದ್ದ.

"ತಿನ್ನುವಾಗ?" ಎಂದರು ಯಾರೋ. "ಮಲಗಿದಾಗ?" ಎಂದ ಮಾದಜ್ಜ. ನಾಯಿ ಯಾವಾಗ ಮಲಗೀತೆಂದು ಹಟ್ಟಿಯೆಲ್ಲ ಉಸಿರು ಬಿಗಿಹಿಡಿದು ಕಾದಿತು. ಅದು ಕಣ್ಣು ಮುಚ್ಚಿದ್ದೇ ತಡ, ಹಾಲನ್ ಮೇಲೆ ಬಿದ್ದ. ನಾಯಿ ನಿಟ್ಟುಸಿರು ಬಿಟ್ಟಿತೇ ಹೊರತು ಹಲ್ಲು ತೋರಿಸಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಮೂವತ್ತು ಸಲವಾದರೂ ತಬ್ಬಿದ್ದಾಯಿತು, ತಂಗಮ್ಮನೂ ಒಪ್ಪಿದಳು.

ಅಷ್ಟರಲ್ಲಿ ಎಮ್ಮೆ ಕರೆಯುವ ಹೊತ್ತಾಯಿತು. ಹಾಲು ಕರೆಯುವುದೂ ಅದನ್ನು ಮನೆಯ ಮಡಿ ಕೋಣೆಯಾದ ಹಾಲುಮನೆಯೊಳಗೆ ಇಡುವುದೂ ಗಂಡಸರ ಕೆಲಸ. ಆ ಮನೆಯಲ್ಲಿ ಗಂಡಸೆಂದರೆ ಹಾಲನ್ ಒಬ್ಬನೇ. ಅವನು ಹತ್ತಿರ ಹೋದದ್ದೇ ಎಮ್ಮೆ ಮೂಗರಳಿಸಿ, ಬಿದಿರಿನ ಪಾತ್ರೆಯನ್ನು ಒದ್ದು, ದೊಡ್ಡಿಯ ಮೂಲೆ ಸೇರಿತು.

"ಮೈಯೆಲ್ಲ ನಾಯಿ ವಾಸನೆ ಹೊತ್ತು ಬಂದ್ರೆ ಅದು ಹಾಲು ಬಿಡುತ್ತಾ? ಈ ಮೈಯಲ್ಲಿ ಹಾಲುಮನೆಗೂ ಕಾಲಿಡಬೇಡ. ಹಳ್ಳದಲ್ಲಿ ಮಿಂದು ಬಾ" ಎಂದ ಮಾದಜ್ಜ, ಬೆಳಗಿನಿಂದ ತಬ್ಬಿಸಿದ್ದು ತಾನೇ ಎಂಬುದನ್ನು ಮರೆತು.

ಹುಲ್ಲಿನ ಮೇಲೆ ಹಿಮ ಕೂರುವ ಕಾಲ. ಹಾಲನ್ ನಡುಗುತ್ತ ಪಂಚೆ ಹುಡುಕುತ್ತಿರುವಾಗ ಚಿನ್ನಿ ಅಜ್ಜಿಯ ಕೈ ಬಿಡಿಸಿಕೊಂಡು ಓಡಿ ಬಂದಳು. ಅಂಗಳದಲ್ಲಿದ್ದ ನಾಯಿಯ ಮುಂದೆ ಎರಡೂ ಕೈ ಅಗಲಿಸಿ ನಿಂತಳು. ನಾಯಿ ಆ ಕೈಗಳನ್ನು ನೋಡಿತು, ಹಾಲನ್‌ನನ್ನು ನೋಡಿತು, ಬಾಲ ಮುದುರಿ ಹಗ್ಗ ಎಳೆದುಕೊಂಡು ಊಟಿಯ ದಾರಿ ಹಿಡಿಯಿತು. ಒಂದು ದಿನಕ್ಕೆ ಅದಕ್ಕೆ ಸಾಕಾಗಿತ್ತು.

ಚಿನ್ನಿಯ ತುಟಿ ಅದುರಿತು. ಹಾಲನ್ ಕುಕ್ಕರುಗಾಲಿನಲ್ಲಿ ಕೂತು ಅವಳನ್ನು ಎಳೆದುಕೊಂಡ. ಅವನ ಕುತ್ತಿಗೆಗೆ ಬಿದ್ದು ಬಿಕ್ಕುತ್ತಿದ್ದವಳು ತಟ್ಟನೆ ಅಳು ನಿಲ್ಲಿಸಿದಳು. ಕುತ್ತಿಗೆ ಮೂಸಿದಳು, ಕಿವಿ ಮೂಸಿದಳು, ಮತ್ತೆ ಕುತ್ತಿಗೆಗೆ ಬಂದಳು.

"ಅವ್ವೆ, ನಾಯಿ ಇಲ್ಲೇ ಉಂಟು" ಎಂದಳು.

ದೊಡ್ಡಿಯಲ್ಲಿ ಎಮ್ಮೆ ಕೂಗಿತು. ಹಾಲನ್ ಎದ್ದು ಹಳ್ಳದ ಕಡೆ ಎರಡು ಹೆಜ್ಜೆ ಇಟ್ಟ. ಚಿನ್ನಿ ಬೆನ್ನಿಗೆ ಜಿಗಿದು ಕೈಕಾಲು ಎಲ್ಲ ಬಿಗಿದಳು.

"ಮೀಯಬೇಡಪ್ಪ. ನಾಯಿ ಹೋಗಿಬಿಡ್ತದೆ."